ಸಿಂಥ್ ಕೊಳ್ಳುವ ಮೊದಲು ತಾಳ, ಶ್ರುತಿ, ಮಳೆ ನೋಡಿ: ಕರಾವಳಿಯವರಿಗೆ ಒಂದು ಹೋಲಿಕೆ

ಮಂಗಳೂರು, ಉಡುಪಿ ಕಡೆ ಈಗ ಸಿಂಥಸೈಜರ್ (ಸಿಂಥ್), ಅಂದರೆ ಎಲೆಕ್ಟ್ರಾನಿಕ್ ಆಗಿ ಸದ್ದು ಹುಟ್ಟಿಸುವ ವಾದ್ಯದ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಚರ್ಚ್ ಕ್ವಾಯರ್‌ನಲ್ಲಿ ಕೀಬೋರ್ಡ್ ನುಡಿಸುವವರು, ತುಳು ನಾಟಕಕ್ಕೆ ಹಿನ್ನೆಲೆ ಸಂಗೀತ ಕೊಡುವವರು, ಮಣಿಪಾಲದ ಹಾಸ್ಟೆಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೀಟ್ ಕಟ್ಟುವವರು, ಹುಲಿವೇಷದ ತಾಸೆಯ ಪೆಟ್ಟನ್ನು ಎಲೆಕ್ಟ್ರಾನಿಕ್ ಸಂಗೀತಕ್ಕೆ ತರಬೇಕು ಅನ್ನುವವರು. ಎಲ್ಲರ ಪ್ರಶ್ನೆ ಒಂದೇ: ಯಾವುದು ಒಳ್ಳೆಯದು?

ಯೂಟ್ಯೂಬ್‌ನಲ್ಲಿ ಇದಕ್ಕೆ ಬೇಕಾದಷ್ಟು ಉತ್ತರ ಸಿಗುತ್ತದೆ. ಆದರೆ ಆ ವಿಡಿಯೊ ಮಾಡುವವರಲ್ಲಿ ಹೆಚ್ಚಿನವರು ಟೆಕ್ನೋ, ಹೌಸ್, ಆಂಬಿಯೆಂಟ್ ಸಂಗೀತವನ್ನು ಮನಸ್ಸಿನಲ್ಲಿಟ್ಟು ಅಳೆಯುತ್ತಾರೆ. ಅವರ ಎಣಿಕೆ ನಾಲ್ಕರದ್ದು. ಅವರ ಕೋಣೆಯಲ್ಲಿ ನಮ್ಮ ಜುಲೈ ತಿಂಗಳ ತೇವ ಇಲ್ಲ. ಹಾಗಾಗಿ ನಮಗೆ ತಿಳಿಯಬೇಕಾದ ಮೂರು ವಿಷಯ ಅಲ್ಲಿ ಬರುವುದೇ ಇಲ್ಲ. ಇದರಲ್ಲಿ ಝಂಪೆ ತಾಳ ಕೂರುತ್ತದಾ? ಶ್ರುತಿ ಹಿಡಿದಿಟ್ಟು ಅದರ ಮೇಲೆ ನುಡಿಸಬಹುದಾ? ಮಳೆಗಾಲ ದಾಟುತ್ತದಾ? ನಾನು ಈ ಮೂರನ್ನೇ ಮುಂದಿಟ್ಟುಕೊಂಡು ಹೋಲಿಸುತ್ತೇನೆ. ಬೆಲೆಯ ಅಂಕಿ ಬರೆಯುವುದಿಲ್ಲ, ಅದು ಡಾಲರ್ ಜೊತೆ ಏರಿಳಿಯುತ್ತಲೇ ಇರುತ್ತದೆ. ಯಾವುದು ಅಗ್ಗ, ಯಾವುದು ದುಬಾರಿ ಅಂತ ಮಾತ್ರ ಹೇಳುತ್ತೇನೆ.

ವೇದಿಕೆಗೋ, ಕೋಣೆಗೋ

ಮೊದಲು ಇದನ್ನು ತೀರ್ಮಾನಿಸಿ. ನಿಮ್ಮ ಕೆಲಸ ಮದುವೆಯ ಆರ್ಕೆಸ್ಟ್ರಾ, ರಸಮಂಜರಿ, ಭಜನೆ, ಕ್ವಾಯರ್ ಆಗಿದ್ದರೆ ನಿಮಗೆ ಬೇಕಾದದ್ದು 61 ಕೀಗಳ ಕೀಬೋರ್ಡ್. ಹಾಡುವವರು ಶ್ರುತಿ ಬದಲಿಸಿ ಅಂದ ಕೂಡಲೇ ಟ್ರಾನ್ಸ್‌ಪೋಸ್ ಒತ್ತಬೇಕು. ಪಿಯಾನೊ, ತಂತಿವಾದ್ಯ, ಕೊಳಲು ಎಲ್ಲ ತಯಾರಾಗಿ ಸಿಗಬೇಕು. ಇದಕ್ಕೆ ಚಿಕ್ಕ ಅನಲಾಗ್ ಸಿಂಥ್ (ಸರ್ಕ್ಯೂಟಿನಿಂದಲೇ ನೇರವಾಗಿ ಸದ್ದು ಹುಟ್ಟಿಸುವಂಥದ್ದು) ತಂದರೆ ನಿರಾಸೆ ಖಂಡಿತ. ಅದರಲ್ಲಿ ಪಿಯಾನೊ ಸದ್ದೇ ಇರುವುದಿಲ್ಲ.

ಈ ಗುಂಪಿನಲ್ಲಿ ಎರಡು ದಾರಿ ಇದೆ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಮತ್ತು ಜುನೊ-ಡಿಎಸ್61 ಒಂದು ಕಡೆ. ಇವಕ್ಕೆ ಒಳಗೆ ಸ್ಪೀಕರ್ ಇಲ್ಲ, ಸೌಂಡ್‌ನವರ ಮಿಕ್ಸರ್‌ಗೇ ಹಾಕಬೇಕು. ನಿಮ್ಮದೇ ರೆಕಾರ್ಡಿಂಗನ್ನು ಪೆನ್‌ಡ್ರೈವ್‌ನಿಂದ ತುಂಬಿಸಿ ಕೀ ಮೇಲೆ ಕೂರಿಸಬಹುದು. ತುಳು ನಾಟಕದಲ್ಲಿ ಗುಡುಗು, ಬಾಗಿಲು, ಫೋನ್ ರಿಂಗ್ ಎಲ್ಲ ಕೀಬೋರ್ಡ್‌ನವರೇ ಕೊಡಬೇಕಲ್ಲ, ಅಲ್ಲಿ ಇದು ತುಂಬ ಉಪಯೋಗ. ಜುನೊ-ಡಿಎಸ್61 ಎಎ ಬ್ಯಾಟರಿಯಲ್ಲೂ ಓಡುತ್ತದೆ. ಬಯಲಿನ ಕಾರ್ಯಕ್ರಮದಲ್ಲಿ ಕರೆಂಟ್ ಹೋಗಿ ಜನರೇಟರ್ ಶುರುವಾಗುವವರೆಗೆ ಕೀಬೋರ್ಡ್ ಬಂದ್ ಆಗುವುದಿಲ್ಲ, ಮತ್ತೆ ಆನ್ ಆಗುವುದನ್ನು ಕಾಯಬೇಕಾಗಿಲ್ಲ.

ಇನ್ನೊಂದು ಕಡೆ ಕ್ಯಾಸಿಯೊ ಸಿಟಿ-ಎಕ್ಸ್9000ಐಎನ್ ಮತ್ತು ಯಮಾಹ ಪಿಎಸ್‌ಆರ್-ಐ500. ಎರಡೂ ನಮ್ಮ ದೇಶಕ್ಕಾಗಿಯೇ ಮಾಡಿದವು. ಭಾರತೀಯ ವಾದ್ಯಗಳ ಸದ್ದು, ತಾಳದ ಸ್ಟೈಲ್‌ಗಳು, ಸ್ಪೀಕರ್ ಎಲ್ಲ ಒಳಗೇ ಇದೆ. ಯಮಾಹದಲ್ಲಿ ರಿಯಾಜ್ ಅಂತಲೇ ಒಂದು ಬಟನ್ ಇದೆ, ತಂಬೂರಿ ಮತ್ತು ತಬಲಾ ಒಟ್ಟಿಗೆ ಬರುತ್ತದೆ. ಊರಿನ ಭಜನಾ ಮಂದಿರಕ್ಕೆ, ಮನೆಯ ಅಭ್ಯಾಸಕ್ಕೆ ಇವೇ ಸರಿ. ಆದರೆ ಸದ್ದನ್ನು ಒಳಗಿಂದ ಬದಲಿಸುವ ಅವಕಾಶ ಕಡಿಮೆ. ನೀವು ತಿಂಗಳಿಗೆ ನಾಲ್ಕಾರು ಸಲ ವೇದಿಕೆ ಹತ್ತುವವರಾದರೆ ಎಕ್ಸ್‌ಪಿಎಸ್-10 ತೆಗೆದುಕೊಳ್ಳಿ. ಕರಾವಳಿಯ ಸೌಂಡ್‌ನವರಿಗೆಲ್ಲ ಅದರ ಪರಿಚಯ ಇದೆ, ಕೆಟ್ಟರೆ ಸಾಲ ಕೊಡುವವರೂ ಸಿಗುತ್ತಾರೆ. ಬೇರೆಯವರು ಹೇಗೆ ಬಳಸುತ್ತಾರೆ ನೋಡಬೇಕಾದರೆ ಮಂಗಳೂರಿನ ಶಕ್ತಿನಗರದ ಕಲಾಂಗಣದಲ್ಲಿ ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್ ನಡೆಸುವ ತಿಂಗಳ ಕಾರ್ಯಕ್ರಮಕ್ಕೆ ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.

ಸದ್ದನ್ನು ನೀವೇ ಹುಟ್ಟಿಸಬೇಕು ಅನ್ನುವ ಆಸೆ ಇದ್ದರೆ ಮಾತ್ರ ಮುಂದಕ್ಕೆ ಓದಿ.

ತಾಳ ಕೂರುತ್ತದಾ?

ಇದನ್ನು ನಾನು ಎಲ್ಲಕ್ಕಿಂತ ಮೊದಲು ನೋಡುತ್ತೇನೆ. ಸಿಂಥ್ ಮತ್ತು ಡ್ರಮ್ ಮಷಿನ್‌ಗಳ ಒಳಗೆ ಸ್ಟೆಪ್ ಸೀಕ್ವೆನ್ಸರ್ ಇರುತ್ತದೆ. ಒಂದೊಂದು ಮನೆಯಲ್ಲಿ ಒಂದೊಂದು ಪೆಟ್ಟು ಅಥವಾ ಸ್ವರ ಇಟ್ಟರೆ ಅದು ಸುತ್ತುತ್ತಾ ನುಡಿಸುತ್ತದೆ. ಎಷ್ಟೋ ಯಂತ್ರಗಳಲ್ಲಿ ಮನೆ 16 ಮಾತ್ರ. ಭಜನೆಯ ಆದಿ ತಾಳಕ್ಕೆ ಇದು ಸರಿಹೋಗುತ್ತದೆ. 8 ಅಕ್ಷರ, ಅಕ್ಷರಕ್ಕೆ ಎರಡು ಮನೆ, ಒಟ್ಟು 16.

ಈಗ ಯಕ್ಷಗಾನದ ತಾಳ ತೆಗೆದುಕೊಳ್ಳಿ. ತ್ರಿವುಡೆ 7 ಅಕ್ಷರ. ಅಕ್ಷರಕ್ಕೆ ಎರಡರಂತೆ 14 ಮನೆ. ಪ್ಯಾಟರ್ನ್ ಉದ್ದವನ್ನು 16ರಿಂದ 14ಕ್ಕೆ ಇಳಿಸಿದರೆ ಆಯಿತು. ಝಂಪೆ 10 ಅಕ್ಷರ. ಅದಕ್ಕೆ 20 ಮನೆ ಬೇಕು. 16 ಮನೆಯ ಯಂತ್ರದಲ್ಲಿ ಅದು ಹಿಡಿಯುವುದಿಲ್ಲ. ಅಷ್ಟ ತಾಳ 14 ಅಕ್ಷರ, 28 ಮನೆ. ಅಕ್ಷರಕ್ಕೆ ಒಂದೇ ಮನೆ ಇಟ್ಟು ಜಾಗ ಉಳಿಸಬಹುದು, ಆದರೆ ಆಗ ನಡುವಿನ ಪೆಟ್ಟುಗಳೆಲ್ಲ ಹೋಗುತ್ತವೆ. ಚೆಂಡೆಯ ಜೀವ ಇರುವುದೇ ಆ ನಡುವಿನ ಪೆಟ್ಟುಗಳಲ್ಲಿ.

ಈ ಲೆಕ್ಕ ಹಿಡಿದು ನೋಡಿದರೆ ಅಂಗಡಿಯ ಪಟ್ಟಿಯೇ ತಲೆಕೆಳಗಾಗುತ್ತದೆ. ಕೋರ್ಗ್ ವೋಲ್ಕಾ ಬೀಟ್ಸ್ 2013ರಿಂದ ಇರುವ ಡ್ರಮ್ ಮಷಿನ್, ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ. ಅದರಲ್ಲಿ 16 ಮನೆ. ಕೋರ್ಗ್ ಮಿನಿಲಾಗ್ ಎಕ್ಸ್‌ಡಿ ಸುಂದರ ಸಿಂಥ್, ಅದರಲ್ಲೂ 16. ರೋಲ್ಯಾಂಡ್ ಎಸ್-1 ಅಂಗೈಯಗಲದ್ದು, ಈ ಪಟ್ಟಿಯ ಸಿಂಥ್‌ಗಳಲ್ಲಿ ಅಗ್ಗದ್ದು, ಅದರಲ್ಲಿ 64 ಮನೆ ಇದೆ. ಆರ್ಟೂರಿಯಾ ಮೈಕ್ರೊಫ್ರೀಕ್‌ನಲ್ಲೂ 64. ನೊವೇಶನ್ ಸರ್ಕ್ಯೂಟ್ ಟ್ರ್ಯಾಕ್ಸ್‌ನ ಒಂದು ಪ್ಯಾಟರ್ನ್ 32 ಮನೆಯದು. ಅಷ್ಟ ತಾಳ ಅದರಲ್ಲಿ ಹಿಡಿದು ನಾಲ್ಕು ಮನೆ ಉಳಿಯುತ್ತದೆ.

ತಾಳದ ಕೆಲಸಕ್ಕೆ ನನ್ನ ಆಯ್ಕೆ ಸ್ವೀಡನ್‌ನ ಎಲೆಕ್ಟ್ರಾನ್ ಕಂಪನಿಯ ಮಾಡೆಲ್:ಸೈಕಲ್ಸ್. 2020ರಲ್ಲಿ ಬಂದದ್ದು. ಆರು ಟ್ರ್ಯಾಕ್, ಪ್ರತಿಯೊಂದಕ್ಕೂ 64 ಮನೆ. ಮುಖ್ಯ ವಿಷಯ ಏನೆಂದರೆ ಪ್ರತಿ ಟ್ರ್ಯಾಕ್‌ನ ಉದ್ದವನ್ನು ಬೇರೆ ಬೇರೆ ಇಡಬಹುದು. ಒಂದು ಟ್ರ್ಯಾಕ್ ಝಂಪೆಯ 20ರಲ್ಲಿ ಸುತ್ತುತ್ತಿರುವಾಗ ಇನ್ನೊಂದು 8ರಲ್ಲಿ ಸುತ್ತಲಿ. ಎರಡೂ ಸಮದಲ್ಲಿ ಬಂದು ಕೂಡುವುದು 40 ಮನೆ ಆದ ಮೇಲೆ. ಮೃದಂಗದ ಮೋರಾ ಲೆಕ್ಕ ಹಾಕಿ ಗೊತ್ತಿರುವವರಿಗೆ ಇದರಲ್ಲಿ ಎಷ್ಟು ಸುಖ ಇದೆ ಅಂತ ನಾನು ಹೇಳಬೇಕಾಗಿಲ್ಲ. ಇದೇ ಕಂಪನಿಯ ಡಿಜಿಟಾಕ್ಟ್ 2 ಬಹಳ ದುಬಾರಿ. ಅದರಲ್ಲಿ 128 ಮನೆ ಇದೆ, ಸದ್ದು ರೆಕಾರ್ಡ್ ಮಾಡಿ ಹಾಕಬಹುದು. ಹಣ ಇದ್ದವರು ನೋಡಬಹುದು, ಮೊದಲ ಯಂತ್ರವಾಗಿ ಬೇಡ.

ಶ್ರುತಿ ಹಿಡಿದು ನುಡಿಸುವುದು

ನಮ್ಮಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಪೆಟ್ಟಿಗೆ ಹೊಸದೇನಲ್ಲ. 1970ರ ದಶಕದ ಕೊನೆಗೇ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದರು. ಅವರ ರಾಡೆಲ್ ಪೆಟ್ಟಿಗೆಗಳು ಕರಾವಳಿಯ ಎಷ್ಟೋ ಸಂಗೀತ ಪಾಠದ ಮನೆಗಳಲ್ಲಿವೆ. ಆ ಪೆಟ್ಟಿಗೆ ಮಾಡುವ ಕೆಲಸವನ್ನು ಸಿಂಥ್‌ನಿಂದ ಮಾಡಿಸಲು ಹೊರಟರೆ ಸಿಂಥ್‌ಗಳ ನಡುವಿನ ನಿಜವಾದ ವ್ಯತ್ಯಾಸ ಗೊತ್ತಾಗುತ್ತದೆ.

ಸಿಂಥ್ ಒಂದೇ ಸಲಕ್ಕೆ ಎಷ್ಟು ಸ್ವರ ಹೊರಡಿಸಬಲ್ಲದು ಎಂಬುದಕ್ಕೆ ಮಿತಿ ಇದೆ. ಎಸ್-1, ಮೈಕ್ರೊಫ್ರೀಕ್, ಮಿನಿಲಾಗ್ ಎಕ್ಸ್‌ಡಿ ಮೂರರಲ್ಲೂ ನಾಲ್ಕು ಸ್ವರ. ಸ, ಪ, ಮೇಲಿನ ಸ ಹಿಡಿದಿಟ್ಟರೆ ಮೂರು ಖರ್ಚಾಯಿತು. ರಾಗ ನುಡಿಸಲು ಉಳಿದದ್ದು ಒಂದೇ. ಒಂದೇ ಸ್ವರ ಸಾಕು ಅನ್ನಬಹುದು, ರಾಗ ನುಡಿಸುವಾಗ ಎರಡು ಸ್ವರ ಒಟ್ಟಿಗೆ ಬೇಡವಲ್ಲ. ಆದರೆ ಸ್ವರ ಮೆಲ್ಲನೆ ಕರಗುವಂತೆ ಬಾಲ ಉದ್ದ ಇಟ್ಟಿದ್ದರೆ, ಹೊಸ ಸ್ವರ ಒತ್ತಿದ ಕೂಡಲೇ ಹಳೆಯದರ ಬಾಲ ಕತ್ತರಿಸಿ ಹೋಗುತ್ತದೆ. ಕೇಳಲು ಹಿತವಲ್ಲ.

ಮೈಕ್ರೊಫ್ರೀಕ್‌ಗೆ ಇನ್ನೊಂದು ತೊಡಕು ಇದೆ. ಅದರ ನಾಲ್ಕು ಸ್ವರಗಳಿಗೂ ಇರುವುದು ಒಂದೇ ಅನಲಾಗ್ ಫಿಲ್ಟರ್, ಅಂದರೆ ಸದ್ದಿನ ಬಣ್ಣ ಬದಲಿಸುವ ಭಾಗ. ನಾಲ್ಕು ಮಂದಿ ಇರುವ ಮನೆಗೆ ಒಂದೇ ಬಾಗಿಲು ಇದ್ದಂತೆ. ಮೇಲೆ ರಾಗ ನುಡಿಸುತ್ತಾ ಫಿಲ್ಟರ್ ತೆರೆದರೆ ಕೆಳಗೆ ಹಿಡಿದಿಟ್ಟ ಶ್ರುತಿಯ ಬಣ್ಣವೂ ಬದಲಾಗುತ್ತದೆ. 2022ರಲ್ಲಿ ಬಂದ ಅದರ ಅಣ್ಣ ಮಿನಿಫ್ರೀಕ್‌ನಲ್ಲಿ ಆರು ಸ್ವರ, ಪ್ರತಿಯೊಂದಕ್ಕೂ ತನ್ನದೇ ಫಿಲ್ಟರ್. ಶ್ರುತಿ ಹಿಡಿದು ನುಡಿಸುವವರು ಈ ಎರಡರ ಬೆಲೆ ನೋಡಿ ತಲೆ ಕೆಡಿಸಿಕೊಳ್ಳುವುದು ಬೇಡ, ಮಿನಿಫ್ರೀಕ್‌ಗೆ ಹಣ ಕೂಡಿಡಿ. ಅಥವಾ ಶ್ರುತಿಯನ್ನು ಇರುವ ಶ್ರುತಿಪೆಟ್ಟಿಗೆಗೇ ಬಿಟ್ಟು ಅಗ್ಗದ ಸಿಂಥ್ ತೆಗೆದುಕೊಳ್ಳಿ. ಎರಡನೆಯದು ನನಗೆ ಹೆಚ್ಚು ಇಷ್ಟ. ಆ ಪೆಟ್ಟಿಗೆಯ ನಾದ ಸಿಂಥ್ ಜೊತೆ ಬಹಳ ಚೆನ್ನಾಗಿ ಕೂಡುತ್ತದೆ.

ಇನ್ನು ಸ್ವರಸ್ಥಾನ. ಕೀಬೋರ್ಡ್‌ನ ಸಮಾನ ಹಂಚಿಕೆಯಲ್ಲಿ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ ಬರುತ್ತದೆ (ಪಕ್ಕಪಕ್ಕದ ಎರಡು ಕೀಗಳ ಅಂತರ 100 ಸೆಂಟ್). ತಂಬೂರಿಗೆ ಸರಿಯಾಗಿ ಕೂಡುವ ಗಾಂಧಾರ ಸುಮಾರು 386ರಲ್ಲಿದೆ. ಈ 14 ಸೆಂಟ್ ಮೇಲೆ ಹೋದದ್ದನ್ನು ಶ್ರುತಿ ಜೊತೆ ಉದ್ದಕ್ಕೆ ಹಿಡಿದು ಕೇಳಿದರೆ ನಾದ ಅಲುಗುವುದು ಯಾರಿಗೂ ತಿಳಿಯುತ್ತದೆ. ಮಿನಿಲಾಗ್ ಎಕ್ಸ್‌ಡಿಯಲ್ಲಿ, ಅದರ ತಮ್ಮ ಮೊನೊಲಾಗ್‌ನಲ್ಲಿ ಪ್ರತಿ ಸ್ವರವನ್ನೂ ನಮಗೆ ಬೇಕಾದ ಕಡೆ ಕೂರಿಸಬಹುದು. ಮೊನೊಲಾಗ್ ಒಂದೇ ಸ್ವರದ ಸಿಂಥ್, ಎಎ ಬ್ಯಾಟರಿಯಲ್ಲಿ ನಡೆಯುತ್ತದೆ. ಶ್ರುತಿಪೆಟ್ಟಿಗೆ ಇಟ್ಟುಕೊಂಡು ರಾಗ ನುಡಿಸುವವರಿಗೆ ಅದು ಒಳ್ಳೆಯ ಜೋಡಿ. ಈಗ ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಹೊಸದಲ್ಲ ಅಂತ. ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಬಿಡಬೇಡಿ.

ಗಮಕದ ವಿಷಯಕ್ಕೆ ಬಂದರೆ, ಸ್ವರದಿಂದ ಸ್ವರಕ್ಕೆ ಜಾರುವ ಪೋರ್ಟಮೆಂಟೊ ಎಲ್ಲದರಲ್ಲೂ ಇದೆ. ಕೈಯಲ್ಲಿ ಸ್ವರ ಬಗ್ಗಿಸುವ ವಿಧಾನ ಬೇರೆ ಬೇರೆ. ಮಿನಿಲಾಗ್ ಎಕ್ಸ್‌ಡಿಗೆ ಜಾಯ್‌ಸ್ಟಿಕ್, ಫ್ರೀಕ್‌ಗಳಿಗೆ ಬೆರಳು ಎಳೆಯುವ ಪಟ್ಟಿ. ಎಸ್-1ರಲ್ಲಿ ಯಂತ್ರವನ್ನೇ ಕೈಯಲ್ಲಿ ಹಿಡಿದು ಓರೆ ಮಾಡಿದರೆ ಸದ್ದು ಬದಲಾಗುತ್ತದೆ. ಗಮಕಕ್ಕೆ ಜಾಯ್‌ಸ್ಟಿಕ್ಕೇ ಮೇಲು. ಬಿಟ್ಟ ಕೂಡಲೇ ನಡುವಿಗೆ ಬರುತ್ತದೆ, ಕಂಪಿತ ಹದವಾಗಿ ಸಿಗುತ್ತದೆ.

ಯಂತ್ರದಲ್ಲಿ ರಾಗ ಬರುತ್ತದಾ ಅಂತ ಸಂಶಯ ಪಡುವವರಿಗೆ ಒಂದು ಮಾತು. ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲೇ ರೋಲ್ಯಾಂಡ್‌ನ ಜುಪಿಟರ್-8, ಟಿಬಿ-303, ಟಿಆರ್-808 ಇಟ್ಟುಕೊಂಡು ಹತ್ತು ರಾಗ ನುಡಿಸಿ ರೆಕಾರ್ಡ್ ಮಾಡಿದ್ದರು. ಟಿಬಿ-303ರಲ್ಲಿ ಸ್ವರ ಜಾರುವ ರೀತಿ ರಾಗಕ್ಕೆ ಒಗ್ಗುತ್ತದೆ ಅಂತ ಅವರು ಕಂಡುಕೊಂಡದ್ದು ಆ ಸದ್ದು ಶಿಕಾಗೊದ ಆಸಿಡ್ ಹೌಸ್ ಎಂಬ ಡಾನ್ಸ್ ಸಂಗೀತದಲ್ಲಿ ಹೆಸರು ಮಾಡುವ ಮೊದಲೇ. ಇವತ್ತಿನ ಎಸ್-1 ಅನುಕರಿಸುವುದೂ 1982ರ ಎಸ್‌ಎಚ್-101 ಎಂಬ ಯಂತ್ರವನ್ನೇ.

ತಾಸೆ, ಗುಮಟೆಯ ಸದ್ದು ಬೇಕಾದರೆ

ಹುಲಿವೇಷದ ತಾಸೆಯನ್ನು ಯಾವ ಸಿಂಥ್‌ನಿಂದಲೂ ಹುಟ್ಟಿಸಲು ಹೋಗಬೇಡಿ. ಚರ್ಮದ ಬಿಗಿ, ಕೋಲಿನ ಚುರುಕು ಸಿಗುವುದಿಲ್ಲ. ಅದಕ್ಕೆ ಸ್ಯಾಂಪ್ಲರ್ ಬೇಕು, ಅಂದರೆ ರೆಕಾರ್ಡ್ ಮಾಡಿದ ಸದ್ದನ್ನು ಪ್ಯಾಡ್ ಮೇಲೆ ಕೂರಿಸಿ ನುಡಿಸುವ ಯಂತ್ರ. ಹೋಲಿಸಬೇಕಾದದ್ದು ಎರಡು.

ರೋಲ್ಯಾಂಡ್ ಎಸ್‌ಪಿ-404 ಎಂಕೆ2, 2021ರದ್ದು. ಒಂದು ಪ್ರಾಜೆಕ್ಟ್‌ನಲ್ಲಿ 160 ಸದ್ದು, ಅಂಥ 16 ಪ್ರಾಜೆಕ್ಟ್. ಮೈಕ್ ಹಾಕಲು ಜಾಗ ಇದೆ. ಆರು ಎಎ ಸೆಲ್‌ನಲ್ಲೂ ಓಡುತ್ತದೆ, ಪವರ್ ಬ್ಯಾಂಕ್‌ನಲ್ಲೂ ಓಡುತ್ತದೆ. ಇನ್ನೊಂದು ಟೀನೇಜ್ ಎಂಜಿನಿಯರಿಂಗ್‌ನ ಇಪಿ-133, 2023ರದ್ದು. ಅದರೊಳಗೇ ಮೈಕ್ ಇದೆ, ಸ್ಪೀಕರ್ ಇದೆ, ನಾಲ್ಕು ಎಎಎ ಸೆಲ್ ಸಾಕು. ಬೆಲೆಯೂ ಕಡಿಮೆ. ಆದರೆ ಬಂದಾಗ ಅದರ ನೆನಪಿನ ಜಾಗ 64 ಎಂಬಿ ಮಾತ್ರ. ಬಿಡಿ ಪೆಟ್ಟುಗಳಿಗೆ ಧಾರಾಳ ಸಾಕು. ಇಡೀ ಆವರ್ತನದ ಲೂಪ್‌ಗಳನ್ನು ತುಂಬಿಸಿದರೆ ಬೇಗ ಮುಗಿಯುತ್ತದೆ. ನಾಟಕಕ್ಕೆ, ವೇದಿಕೆಗೆ ಎಸ್‌ಪಿ-404. ಕಲಿಯುವವರಿಗೆ, ಊರೂರು ಸುತ್ತಿ ಸದ್ದು ಸಂಗ್ರಹಿಸುವವರಿಗೆ ಇಪಿ-133.

ಸದ್ದು ಹಿಡಿಯುವುದು ಯಂತ್ರಕ್ಕಿಂತ ಮುಖ್ಯ. ಕುದ್ರೋಳಿ ದಸರಾ ಮೆರವಣಿಗೆಯಲ್ಲಿ ಮೊಬೈಲ್ ಎತ್ತಿ ಹಿಡಿದರೆ ಜನರ ಗಲಾಟೆ, ಡಿಜೆ ಲಾರಿ ಎಲ್ಲ ಸೇರಿ ಸದ್ದು ಒಡೆದು ಹೋಗುತ್ತದೆ. ಅಷ್ಟಮಿಗೆ ಮೊದಲು ತಂಡಗಳು ಅಭ್ಯಾಸ ಮಾಡುವ ಜಾಗಕ್ಕೆ ಹೋಗಿ. ಕೇಳಿ, ಒಪ್ಪಿದ ಮೇಲೆ ಬಿಡಿ ಪೆಟ್ಟು ಹಾಕಿಸಿಕೊಳ್ಳಿ. ಮೈಕ್ ಸ್ವಲ್ಪ ದೂರ ಇರಲಿ. ಒಂದೇ ಪೆಟ್ಟನ್ನು ಮೆಲ್ಲಗೆ, ಮಧ್ಯಮ, ಜೋರಾಗಿ ಅಂತ ಮೂರು ನಾಲ್ಕು ಬಗೆಯಲ್ಲಿ ತೆಗೆದುಕೊಳ್ಳಿ. ಒಂದೇ ಸ್ಯಾಂಪಲ್‌ನಿಂದ ಉರುಳಿಕೆ ನುಡಿಸಿದರೆ ಹೊಲಿಗೆ ಮಷಿನಿನ ಸದ್ದು ಬರುತ್ತದೆ, ತಾಸೆ ಬರುವುದಿಲ್ಲ. ಗುಮಟೆಗೂ ಹೀಗೇ. ಅದರ ಬಾಯಿ ಮುಚ್ಚಿ ತೆರೆದಾಗ ಬರುವ ಸದ್ದನ್ನು ಬೇರೆ ಬೇರೆಯಾಗಿ ಹಿಡಿಯಿರಿ. ತಂಡದವರಿಗೆ ಹಣ ಕೊಡಿ, ಟ್ರ್ಯಾಕ್‌ನಲ್ಲಿ ಅವರ ಹೆಸರು ಹಾಕಿ.

ದೈವದ ನೇಮದ ಪಾಡ್ದನ, ದೈವದ ಕೂಗು ಇವನ್ನು ಮಾತ್ರ ಪ್ಯಾಡ್ ಮೇಲೆ ಕೂರಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದು ಅಲ್ಲಿ, ಆ ಹೊತ್ತಿಗೆ, ಆ ಜನರಿಗೆ ಸೇರಿದ್ದು. ಡಾನ್ಸ್ ಫ್ಲೋರ್‌ಗೆ ಹೋಗುವ ವಸ್ತು ಅಲ್ಲ.

ಮಳೆಗಾಲ ಮತ್ತು ಕರೆಂಟು

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಸಿಂಥ್‌ನ ನಾಬ್‌ಗಳ ಒಳಗೆ ತೆಳು ಇಂಗಾಲದ ಪಟ್ಟಿ ಇರುತ್ತದೆ. ತೇವ, ಉಪ್ಪುಗಾಳಿ, ಧೂಳು ಸೇರಿದರೆ ತಿರುಗಿಸುವಾಗ ಕರಕರ ಅನ್ನುತ್ತದೆ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಮನೆ ಇದ್ದರೆ ಇದು ಇನ್ನೂ ಬೇಗ. ಅಂದರೆ ನಾಬ್ ಜಾಸ್ತಿ ಇದ್ದಷ್ಟೂ ಕಾಳಜಿ ಜಾಸ್ತಿ. ಮೈಕ್ರೊಫ್ರೀಕ್‌ನ ಕೀಬೋರ್ಡ್‌ನಲ್ಲಿ ಅಲುಗುವ ಕೀಗಳೇ ಇಲ್ಲ, ಮುಟ್ಟಿದರೆ ಸಾಕು. ಸಂದಿಗಳಿಲ್ಲದ ಕಾರಣ ಧೂಳು ಒಳಗೆ ಹೋಗುವುದಿಲ್ಲ, ಅದು ಇಲ್ಲಿಗೆ ಒಳ್ಳೆಯದು. ಆದರೆ ಮೇ ತಿಂಗಳ ಸೆಕೆಯಲ್ಲಿ ಬೆರಳು ಬೆವರಿದರೆ ಹದ ತಪ್ಪುತ್ತದೆ, ಪಕ್ಕದಲ್ಲಿ ಬಟ್ಟೆ ಇಟ್ಟುಕೊಳ್ಳಬೇಕು.

ಮುಚ್ಚಿದ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ವಾರಕ್ಕೊಮ್ಮೆ ಆನ್ ಮಾಡಿ ಅರ್ಧ ಗಂಟೆ ಬಿಡಿ, ಎಲ್ಲ ನಾಬ್‌ಗಳನ್ನು ಕೊನೆಯಿಂದ ಕೊನೆಗೆ ತಿರುಗಿಸಿ. ಬ್ಯಾಗ್‌ನಲ್ಲಿ ಸಿಲಿಕಾ ಜೆಲ್ ಇರಲಿ, ಅದನ್ನೂ ಆಗಾಗ ಬದಲಿಸಬೇಕು. ಬಳಸದೆ ಇರುವಾಗ ಎಎ ಸೆಲ್ ತೆಗೆದಿಡಿ. ಸೋರಿದರೆ ಒಳಗಿನ ತಗಡು ತಿಂದುಬಿಡುತ್ತದೆ.

ಅನಲಾಗ್ ಸಿಂಥ್‌ಗಳ ಸ್ವರ ಬಿಸಿಗೆ ಸ್ವಲ್ಪ ಜಾರುತ್ತದೆ. ಮಿನಿಲಾಗ್ ಎಕ್ಸ್‌ಡಿ ತಾನೇ ಟ್ಯೂನ್ ಮಾಡಿಕೊಳ್ಳುತ್ತದೆ. ಆದರೂ ವೇದಿಕೆಯ ಲೈಟ್ ಕೆಳಗೆ ಇಟ್ಟ ಮೇಲೆ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟು ಆಮೇಲೆ ಶ್ರುತಿ ನೋಡಿ. ಎಸ್-1ನಂಥ ಡಿಜಿಟಲ್ ಯಂತ್ರಕ್ಕೆ ಈ ಸಮಸ್ಯೆ ಇಲ್ಲ.

ಕರೆಂಟ್ ವಿಷಯದಲ್ಲಿ ಒಳಗೆ ಬ್ಯಾಟರಿ ಇರುವ ಎಸ್-1 ಮತ್ತು ಸರ್ಕ್ಯೂಟ್ ಟ್ರ್ಯಾಕ್ಸ್ ನೆಮ್ಮದಿ. ಮನೆಯ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಅಡಾಪ್ಟರ್ ಹಾಕಿದರೆ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಲ್ಯಾಪ್‌ಟಾಪ್‌ನ ಯುಎಸ್‌ಬಿಯಿಂದ ಕರೆಂಟ್ ಕೊಟ್ಟರೂ ಎಷ್ಟೋ ಸಲ ಕೀರಲು ಸದ್ದು ಬರುತ್ತದೆ. ಪವರ್ ಬ್ಯಾಂಕ್ ಹಾಕಿ ನೋಡಿ, ಹೋಗುತ್ತದೆ. ಸಿಡಿಲು ಗುಡುಗಿನ ಸಂಜೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು.

ಇದೊಂದನ್ನು ಮಾತ್ರ ಮರೆಯಬೇಡಿ ಮಾರಾಯ್ರೆ. ಕೋರ್ಗ್‌ನ 9 ವೋಲ್ಟ್ ಅಡಾಪ್ಟರ್‌ನಲ್ಲಿ ಪ್ಲಗ್‌ನ ನಡುವೆ ಪ್ಲಸ್. ಗಿಟಾರ್ ಪೆಡಲ್‌ಗಳ 9 ವೋಲ್ಟ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್. ನೋಡಲು ಒಂದೇ ಥರ. ಗಿಟಾರ್‌ನವರ ಅಡಾಪ್ಟರ್ ಸಾಲ ತೆಗೆದುಕೊಂಡು ಹಾಕುವ ಮೊದಲು ಅದರ ಮೇಲಿನ ಚಿತ್ರ ನೋಡಿ.

ಲ್ಯಾಪ್‌ಟಾಪ್ ಇದ್ದವರಿಗೆ

ಹಣ ಬಹಳ ಕಡಿಮೆ ಇದ್ದರೆ ಯಂತ್ರವೇ ಬೇಡ. ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಎಂಬ ಸಿಂಥ್ ಸಾಫ್ಟ್‌ವೇರ್ ಎರಡನ್ನೂ ಉಚಿತವಾಗಿ ಇಳಿಸಿಕೊಳ್ಳಬಹುದು. ಆರ್ಟೂರಿಯಾ ಮಿನಿಲ್ಯಾಬ್ 3ರಂಥ 25 ಕೀಗಳ ಮಿಡಿ ಕೀಬೋರ್ಡ್ (ತನ್ನದೇ ಸದ್ದಿಲ್ಲದೆ ಸಾಫ್ಟ್‌ವೇರನ್ನು ನುಡಿಸುವಂಥದ್ದು) ಒಂದು ಸಾಕು. ಸರ್ಜ್ ಎಕ್ಸ್‌ಟಿಯಲ್ಲಿ ಸ್ಕೇಲಾ ಫೈಲ್ (ಸ್ವರಸ್ಥಾನಗಳನ್ನು ಬರೆದಿಟ್ಟ ಫೈಲ್) ಹಾಕಿ ಗಾಂಧಾರವನ್ನು 386ಕ್ಕೆ ಇಳಿಸಬಹುದು, ಸ್ವರಗಳ ಲೆಕ್ಕಕ್ಕೂ ಪರದಾಡಬೇಕಿಲ್ಲ. ತಾಳ 7 ಆಗಲಿ 10 ಆಗಲಿ, ಸಾಫ್ಟ್‌ವೇರ್‌ಗೆ ಎಲ್ಲ ಒಂದೇ. ನಿಜ ಹೇಳಬೇಕೆಂದರೆ ಶ್ರುತಿ, ತಾಳ ಎರಡರಲ್ಲೂ ಇದು ಮೇಲಿನ ಎಲ್ಲ ಯಂತ್ರಗಳನ್ನು ಸೋಲಿಸುತ್ತದೆ. ಸೋಲುವುದು ಕೈಯಲ್ಲಿ. ನಾಬ್ ತಿರುಗಿಸಿದ ಕ್ಷಣಕ್ಕೆ ಸದ್ದು ಬದಲಾಗುವ ಖುಷಿ ಮೌಸ್‌ನಲ್ಲಿ ಸಿಗುವುದಿಲ್ಲ. ಯಕ್ಷಗಾನ ಹಾಡುವವರ ಜೊತೆ, ಕೊಂಕಣಿ ಗಿಟಾರಿನವರ ಜೊತೆ ಕೂತು ನುಡಿಸುವಾಗ ಪರದೆ ನೋಡುತ್ತಾ ಇರಲು ಆಗುವುದಿಲ್ಲ, ಅವರ ಮುಖ ನೋಡಬೇಕು.

ಈಗಷ್ಟೇ ಶುರು ಮಾಡುವ ವಿದ್ಯಾರ್ಥಿ ಕೇಳಿದರೆ ನಾನು ಸರ್ಜ್ ಎಕ್ಸ್‌ಟಿ ಅನ್ನುತ್ತೇನೆ. ಮೊದಲ ಯಂತ್ರಕ್ಕೆ ಎಸ್-1. ಕೀ ಬೇಕೇ ಬೇಕು, ರಾಗ ನುಡಿಸಬೇಕು ಅಂದರೆ ಮಿನಿಲಾಗ್ ಎಕ್ಸ್‌ಡಿ, ಝಂಪೆ ಅದರಲ್ಲಿ ಕೂರದಿದ್ದರೂ ಕೈಯಲ್ಲಿ ನುಡಿಸಿದರಾಯಿತು. ತಾಳವೇ ಮುಖ್ಯ ಅಂದರೆ ಮಾಡೆಲ್:ಸೈಕಲ್ಸ್.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋಗುವ ವಿದ್ಯಾರ್ಥಿಗಳು ಮಾರುವ ಹೊತ್ತು ಒಳ್ಳೆಯದು. ನೋಡಲು ಹೋಗುವಾಗ ನಿಮ್ಮದೇ ಹೆಡ್‌ಫೋನ್ ತೆಗೆದುಕೊಂಡು ಹೋಗಿ. ಪ್ರತಿ ಕೀ ಒಂದೊಂದಾಗಿ ಒತ್ತಿ, ಪ್ರತಿ ನಾಬ್ ಮೆಲ್ಲಗೆ ತಿರುಗಿಸಿ, ಬ್ಯಾಟರಿ ಗೂಡು ತೆರೆದು ಹಸಿರು ಪುಡಿ ಇದೆಯಾ ನೋಡಿ. ಎರಡು ಮಳೆಗಾಲ ಇಲ್ಲೇ ಕಳೆದ ಯಂತ್ರವಾದರೆ ಹಿಂದಿನ ಜಾಕ್‌ಗಳಿಗೆ ವೈರ್ ಹಾಕಿ ಅಲ್ಲಾಡಿಸಿ. ಸದ್ದು ಕಡಿದು ಕಡಿದು ಬಂದರೆ ರಿಪೇರಿಗೆ ಬೆಂಗಳೂರಿಗೆ ಕಳಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಮೂಲ ಅಡಾಪ್ಟರ್ ಇಲ್ಲ ಅಂದರೆ ಅದಕ್ಕೂ ಕಳೆಯಿರಿ.